ಸತ್ಯಾಂಶ: ಬಕೆಟ್‌ನಲ್ಲಿ ನಿಂತವರಿಗೆ ಹಾರ್ನೆಸ್ ಬೇಡವೇ?

"ಬಕೆಟ್‌ಗೆ ಸೊಂಟದೆತ್ತರದ ಗೋಡೆಯಿದೆ, ಹಾರ್ನೆಸ್ ಯಾಕೆ? ಕಟ್ಟಿಕೊಂಡರೆ ಲಾರಿ ಮಗುಚಿದಾಗ ಹಾರಿ ಪಾರಾಗಲೂ ಆಗದು." ಲಾರಿಯ ಮೇಲಿನ ಉದ್ದನೆಯ ತೋಳಿನ ತುದಿಯ ತೊಟ್ಟಿಯಲ್ಲಿ (ಅದೇ ಬಕೆಟ್) ನಿಂತು ವಿದ್ಯುತ್ ತಂತಿಯ ಕೆಲಸ ಮಾಡುವ ಲೈನ್‌ಮನ್‌ಗಳಿಗೆ, ಮೈಗೆ ತೊಡುವ ಸುರಕ್ಷತಾ ಪಟ್ಟಿಯಾದ ಹಾರ್ನೆಸ್ ಬಗ್ಗೆ ಹೀಗೊಂದು ಸಂದೇಶ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು.

ಬಕೆಟ್‌ನಿಂದ ಬೀಳುವುದು ಬಗ್ಗಿದಾಗ ಮಾತ್ರವಲ್ಲ. ಕೆಳಗೆ ಲಾರಿಗೆ ವಾಹನ ಗುದ್ದಿದರೆ, ಅಥವಾ ಕೊಂಬೆಗೆ ಸಿಕ್ಕಿಕೊಂಡ ಬಕೆಟ್ ಥಟ್ಟನೆ ಬಿಡಿಸಿಕೊಂಡರೆ, ಬಕೆಟ್ ಹೊತ್ತ ಆ ಉದ್ದನೆಯ ತೋಳು (ಬೂಮ್) ಕವಣೆಯಂತೆ ಚಿಮ್ಮಿ ಒಳಗಿದ್ದವರನ್ನು ಎಸೆದುಬಿಡುತ್ತದೆ. ಹಾರಿ ಪಾರಾಗುವ ಮಾತಂತೂ ಬರೀ ಭ್ರಮೆ: 10 ಮೀಟರ್ ಎತ್ತರದಿಂದ ನೆಲ ತಲುಪಲು ಸುಮಾರು 1.4 ಸೆಕೆಂಡ್ ಸಾಕು, ಆಗಿನ ವೇಗ ಗಂಟೆಗೆ 50 ಕಿ.ಮೀ.

ಹಾರ್ನೆಸ್ ತೊಟ್ಟರಷ್ಟೇ ಸಾಲದು. ಲ್ಯಾನ್ಯಾರ್ಡಿನ (ಹಾರ್ನೆಸ್‌ಗೆ ಜೋಡಿಸಿದ ಹಗ್ಗದ) ಕೊಕ್ಕೆಯನ್ನು ಬೂಮ್ ಅಥವಾ ಬಕೆಟ್‌ನಲ್ಲಿ ತಯಾರಕರು ಗುರುತಿಸಿದ ಜಾಗಕ್ಕೇ ಹಾಕಬೇಕು. ಪಕ್ಕದ ಕಂಬಕ್ಕೆ ಹಾಕಿದರೆ, ಬಕೆಟ್ ಸರಿದೊಡನೆ ಅದೇ ಹೊರಗೆಳೆಯುತ್ತದೆ. ಉದ್ದವನ್ನೂ ನೋಡಬೇಕು. 1.8 ಮೀಟರ್ ಲ್ಯಾನ್ಯಾರ್ಡ್, ಬಿದ್ದಾಗ ಬಿಚ್ಚಿಕೊಂಡು ಎಳೆತ ತಗ್ಗಿಸುವ ಶಾಕ್ ಅಬ್ಸಾರ್ಬರ್, ಮನುಷ್ಯನ ಎತ್ತರ ಎಲ್ಲ ಸೇರಿ ಕೆಳಗೆ ಸುಮಾರು 5.5 ಮೀಟರ್ ಖಾಲಿ ಜಾಗ ಬೇಕು. ಕಡಿಮೆ ಎತ್ತರದಲ್ಲಿ ಕೆಲಸವಿದ್ದರೆ ಗಿಡ್ಡ ಲ್ಯಾನ್ಯಾರ್ಡೇ ಸರಿ. ಅದು ಅಂಚು ದಾಟಲೇ ಬಿಡುವುದಿಲ್ಲ. (ಸೊಂಟದ ಬೆಲ್ಟ್ ಇದಕ್ಕೆ ಬದಲಿಯಲ್ಲ. ಬಿದ್ದಾಗ ಪೂರ್ತಿ ಹೊಡೆತ ಹೊಟ್ಟೆಗೆ, ಬೆನ್ನುಮೂಳೆಗೆ. ಇಡೀ ಮೈಯ ಹಾರ್ನೆಸ್ ಅದನ್ನು ತೊಡೆ, ಭುಜಗಳಿಗೆ ಹಂಚುತ್ತದೆ.)