ಕೇಳುಗರಿಲ್ಲದ ಹಾಡಿನ ಗುಣ

ಇಂಗ್ಲೆಂಡಿನಲ್ಲಿ ಈಗ ಡಾಕ್ಟರ ಬಳಿ ಹೋದವರಿಗೆ ಮಾತ್ರೆಯ ಚೀಟಿಯ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ಹಾಡುವ ಗುಂಪೊಂದರ ವಿಳಾಸವೂ ಸಿಗುತ್ತದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2019ರ ತನ್ನ ದೀರ್ಘಾವಧಿ ಯೋಜನೆಯಲ್ಲಿ, ಒಂಟಿತನದಿಂದಲೋ ಖಿನ್ನತೆಯಿಂದಲೋ ಬಳಲುವವರನ್ನು ತೋಟಗೆಲಸ, ನಡಿಗೆ, ಸಂಗೀತದಂಥ ಊರಿನ ಚಟುವಟಿಕೆಗಳಿಗೆ ಸೇರಿಸುವುದಕ್ಕೆಂದೇ ಬೇರೆ ಸಿಬ್ಬಂದಿಯನ್ನು ನೇಮಿಸಿಕೊಳ್ಳುವ ಏರ್ಪಾಡು ಮಾಡಿತು. ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆಯಲ್ಲಿ ಹುಟ್ಟಿ, ಬಹುಕಾಲದಿಂದ ಲೀಡ್ಸ್ ನಗರದಲ್ಲಿ ನೆಲೆಸಿರುವ ನಾನು ಇದನ್ನು ಊರಿನವರಿಗೆ ಹೇಳಿದಾಗಲೆಲ್ಲ, ಇದನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು ಎಂಬ ಉತ್ತರ ವಾಟ್ಸ್ಯಾಪ್‌ನಲ್ಲಿ ತಟ್ಟನೆ ಬರುತ್ತದೆ. ಆ ಮಾತು ಪೂರಾ ಸುಳ್ಳಲ್ಲ. ಆದರೆ ಹಿರಿಯರು ಕಂಡುಕೊಂಡದ್ದನ್ನು ಇವತ್ತು ಉಳಿಸಿಕೊಂಡಿರುವವರು ಯಾರು ಎಂದು ಕೇಳಿಕೊಂಡರೆ, ನಮ್ಮ ಜಂಬಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ ಎಂಬುದು ನನ್ನ ಅನಿಸಿಕೆ.

ನಾನು ವಾರಕ್ಕೊಮ್ಮೆ ಹೋಗುವ ಗುಂಪು ಚರ್ಚೊಂದರ ಹಿಂಬದಿಯ ಹಾಲ್‌ನಲ್ಲಿ ಸೇರುತ್ತದೆ. ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ವೇದಿಕೆಯೊಂದು ಇದ್ದರೂ ಅದು ಬಳಕೆಯಾಗುವುದು ಕೋಟು, ಕೊಡೆಗಳನ್ನು ರಾಶಿ ಹಾಕುವುದಕ್ಕೆ ಮಾತ್ರ. ಹಾಡಿಸುವ ಹೆಂಗಸು ಬಂದ ಕೂಡಲೇ ಹಾಡು ಎತ್ತುವುದಿಲ್ಲ. ಮೊದಲು ಭುಜ ಕೊಡವಿಸುತ್ತಾರೆ, ಬಾಯ್ತುಂಬ ಆಕಳಿಸಲು ಹೇಳುತ್ತಾರೆ, 'ಸ್' ಎನ್ನುತ್ತ ಉಸಿರನ್ನು ಆದಷ್ಟು ಹೊತ್ತು ಹೊರಬಿಡಿಸುತ್ತಾರೆ, ತುಟಿ ಮುಚ್ಚಿಕೊಂಡು ಎದೆಯಲ್ಲಿ ನಡುಕ ತಿಳಿಯುವ ಹಾಗೆ ಗುಂಯ್‌ಗುಡಿಸುತ್ತಾರೆ. ಆಮೇಲೆ ಒಂದೊಂದೇ ಸಾಲನ್ನು ತಾವು ಹೇಳಿ ನಮ್ಮಿಂದ ಹೇಳಿಸುತ್ತಾರೆ, ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ. ಪಾರ್ಶ್ವವಾಯುವಿನಿಂದ ಮಾತು ನಿಂತುಹೋದ ಹಿರಿಯರೊಬ್ಬರು ಆ ಗುಂಪಿನಲ್ಲಿದ್ದಾರೆ. ಟೀಗೆ ಸಕ್ಕರೆ ಎಷ್ಟು ಎಂದು ಕೇಳಿದರೆ ಬೆರಳು ತೋರಿಸುವ ಅವರು, ಚಿಕ್ಕಂದಿನಲ್ಲಿ ಕಲಿತ ಹಾಡು ಬಂದಾಗ ಒಂದು ಪದವನ್ನೂ ಬಿಡದೆ ಹಾಡುತ್ತಾರೆ, ಹಾಡು ಮುಗಿದ ಮೇಲೆ ಮತ್ತೆ ಬೆರಳಿಗೆ ಮರಳುತ್ತಾರೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದವರಲ್ಲಿ ಹಾಡು ಉಳಿಯಬಹುದೆಂಬುದು ವೈದ್ಯರಿಗೆ ಹಳೆಯ ವಿಷಯವೇ; ಮಾತನ್ನು ರಾಗಕ್ಕೆ ಕೂರಿಸಿ ಮರಳಿ ಕಲಿಸುವ ಚಿಕಿತ್ಸೆಯೊಂದನ್ನು 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರೂಪಿಸಿದ್ದರು.

ಬ್ರಿಟನ್ನಿನಲ್ಲಿ ಈ ಬಗೆಯ ಹಾಡುಗಾರಿಕೆ ಹರಡಿದ್ದರಲ್ಲಿ ಫ್ರಾಂಕಿ ಆರ್ಮ್‌ಸ್ಟ್ರಾಂಗ್ ಎಂಬ ಜನಪದ ಗಾಯಕಿಯ ಪಾಲು ದೊಡ್ಡದು. 1970ರ ದಶಕದಿಂದ ಅವರು ನಡೆಸುತ್ತ ಬಂದ ದನಿಯ ಶಿಬಿರಗಳಿಂದಲೇ ನ್ಯಾಚುರಲ್ ವಾಯ್ಸ್ ನೆಟ್‌ವರ್ಕ್ ಎಂಬ ಬಳಗ ಬೆಳೆಯಿತು. ಹಾಡಲು ಯಾರಿಗೂ ಪರೀಕ್ಷೆ ಇಡಬಾರದು, ಕಿವಿಯಿಂದಲೇ ಕಲಿಸಬೇಕು ಎಂಬುದು ಆ ಬಳಗದ ನಿಲುವು. ನಮ್ಮ ಗುಂಪಿನಲ್ಲಿರುವ ಅನೇಕರು ಶಾಲೆಯಲ್ಲಿದ್ದಾಗ, "ನೀನು ಸುಮ್ಮನೆ ತುಟಿ ಆಡಿಸು" ಎಂದು ಟೀಚರಿಂದ ಹೇಳಿಸಿಕೊಂಡು, ಆಮೇಲೆ ಜೀವಮಾನವಿಡೀ ಗಂಟಲು ತೆರೆಯದೆ ಇದ್ದವರು.

ಇದರ ಫಲವೇನು ಎಂದು ಅಳೆದು ನೋಡುವ ಪ್ರಯತ್ನಗಳೂ ನಡೆದಿವೆ. ಹೆರಿಗೆಯ ನಂತರ ಖಿನ್ನತೆಗೆ ಒಳಗಾದ 134 ತಾಯಂದಿರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರ ಕೂಸುಗಳ ಜೊತೆ ಹಾಡಿಸಿ, ಇನ್ನೊಂದಕ್ಕೆ ಆಟವಾಡಿಸಿ, ಮೂರನೆಯದಕ್ಕೆ ಎಂದಿನ ಆರೈಕೆಯನ್ನಷ್ಟೇ ಕೊಟ್ಟು ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೊನೆಗೆ ಮೂರೂ ಗುಂಪುಗಳ ತಾಯಂದಿರು ಚೇತರಿಸಿಕೊಂಡಿದ್ದರು. ಆದರೆ ಹೆಚ್ಚಿನ ಖಿನ್ನತೆಯಿದ್ದವರ ಪೈಕಿ ಹಾಡಿದವರು ಬೇಗ ಚೇತರಿಸಿಕೊಂಡರು. ಆಕ್ಸ್‌ಫರ್ಡ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂಥದೇ ಮಾತು ಹೇಳುತ್ತದೆ. ಹಾಡಿನ ತರಗತಿಗೆ ಸೇರಿದವರೂ ಕರಕುಶಲ ಮತ್ತು ಬರವಣಿಗೆಯ ತರಗತಿಗೆ ಸೇರಿದವರೂ ಏಳು ತಿಂಗಳ ಹೊತ್ತಿಗೆ ಒಬ್ಬರಿಗೊಬ್ಬರು ಅಷ್ಟೇ ಹತ್ತಿರವಾಗಿದ್ದರೂ, ಹಾಡಿದವರು ಮೊದಲ ತಿಂಗಳಲ್ಲೇ ಬೆಸೆದುಕೊಂಡಿದ್ದರು. ಎರಡು ಕಡೆಯೂ ಹಾಡಿನ ಹೆಚ್ಚುಗಾರಿಕೆ ಇರುವುದು ವೇಗದಲ್ಲಿ ಎಂಬುದನ್ನು ಓದಿದಾಗ ನನ್ನ ಮನಸ್ಸು ನೇರವಾಗಿ ಹೋದದ್ದು ನಮ್ಮ ಕಡೆಯ ಸಾವಿನ ಮನೆಗಳಿಗೆ. ಅಲ್ಲಿ ಇರುವುದು ಒಂದೇ ರಾತ್ರಿ. ಬೆಳಗಾದರೆ ಮಣ್ಣು ಮಾಡಬೇಕು, ಬಂದ ನೆಂಟರು ಬಸ್ಸು ಹತ್ತಬೇಕು.

ನಮ್ಮ ಸೀಮೆಯಲ್ಲಿ ಹೆಂಗಸರು ಸಾವಿನ ಮನೆಯಲ್ಲಿ ಸುಮ್ಮನೆ ಅಳುತ್ತಿರಲಿಲ್ಲ, ಹಾಡಿಕೊಂಡು ಅಳುತ್ತಿದ್ದರು. ನನ್ನ ದೊಡ್ಡಪ್ಪ ತೀರಿಕೊಂಡಾಗ ಸೋದರತ್ತೆ ಊರ ಬಾಗಿಲಿನಲ್ಲಿ ಬಸ್ಸಿಳಿದವಳೇ ದನಿ ತೆಗೆದಳು. ಅವಳು ಮನೆ ಮುಟ್ಟುವ ಮೊದಲೇ ಅಂಗಳದಲ್ಲಿದ್ದ ಹೆಂಗಸರು ಎದ್ದು ನಿಂತು ಹೆಣದ ತಲೆದೆಸೆಯಲ್ಲಿ ಅವಳಿಗೆ ಜಾಗ ಬಿಟ್ಟಿದ್ದರು. ಸೆರಗನ್ನು ಮುಖಕ್ಕೆ ಎಳೆದುಕೊಂಡು, ಹಿಂದಕ್ಕೂ ಮುಂದಕ್ಕೂ ತೂಗುತ್ತ, "ಬಾಗ್ಲಿಗೆ ಬಂದ್ರೆ ಬಾರವ್ವ ಅನ್ನೋರ್ಯಾರಣ್ಣಯ್ಯಾ, ಗೌರಿ ಹಬ್ಬಕ್ಕೆ ಬಾಗಿನ ತರೋರ್ಯಾರಣ್ಣಯ್ಯಾ" ಎಂದು ಮೇಲಿನ ಸ್ಥಾಯಿಯಲ್ಲಿ ಎತ್ತಿ, ಇಳಿಸುತ್ತ ಬಂದು, 'ಅಣ್ಣಯ್ಯಾ' ಎಂಬಲ್ಲಿ ಉಸಿರು ಪೂರ್ತಿ ಬರಿದಾಗುವ ತನಕ ಎಳೆದಳು. ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪಕ್ಕದವಳು ಎತ್ತಿಕೊಂಡಳು. ಮುಂದಿನ ಸಾಲುಗಳಲ್ಲಿ ತೀರಿಹೋದ ಅಣ್ಣನ ಗುಣಗಾನದ ನಡುವೆಯೇ ಗಂಡನ ಹೊಡೆತ, ಹಿಸ್ಸೆಯ ಹೊತ್ತಿನಲ್ಲಿ ತನ್ನನ್ನು ಕರೆಯದೇ ಇದ್ದದ್ದು, ತವರಿಗೆ ಬಂದಾಗ ಅತ್ತಿಗೆ ಮುಖ ತಿರುಗಿಸಿದ್ದು, ಎಲ್ಲವೂ ಬಂದವು. ಆ ಅತ್ತಿಗೆ ಎರಡು ಮೊಳ ದೂರದಲ್ಲೇ ಕೂತಿದ್ದಳು. ಗಂಡ ಹೊರಗೆ ಶಾಮಿಯಾನದ ಕೆಳಗೆ ನೆಲ ನೋಡುತ್ತಿದ್ದ. ಬೇರೆ ದಿನ ಅದರಲ್ಲಿ ಅರ್ಧ ಮಾತು ಆಡಿದ್ದರೂ ಜಗಳವಾಗುತ್ತಿತ್ತು. ಅಂದು ಅದು ಹಾಡಾಗಿ ಬಂದದ್ದರಿಂದ ಯಾರೂ ಎದುರಾಡುವಂತಿರಲಿಲ್ಲ. ಲೀಡ್ಸಿನ ಹಾಲ್‌ನಲ್ಲಿ ಉದ್ದನೆಯ ಉಸಿರು ಬಿಡಿಸುವ ಅಭ್ಯಾಸವನ್ನು ಮಾಡುವಾಗಲೆಲ್ಲ, ಅದನ್ನು ಯಾರೂ ಕಲಿಸದೆ ಮಾಡುತ್ತಿದ್ದ ಆ ಗಂಟಲುಗಳು ನನಗೆ ಕೇಳಿಸುತ್ತವೆ.

ಗಂಡಸರಿಗೆ ಈ ಸವಲತ್ತು ಇರಲಿಲ್ಲ. ಅವರಿಗಿದ್ದದ್ದು ರಾತ್ರಿಯಿಡೀ ನಡೆಯುವ ಭಜನೆ. ಹಾರ್ಮೋನಿಯಂ, ತಬಲ, ಕೈಯಲ್ಲೊಂದು ತಾಳ. ಒಬ್ಬರು ತತ್ವಪದದ ಸಾಲು ಹೇಳಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ತಾಳ ತಪ್ಪಿದವನನ್ನು ಯಾರೂ ಎಬ್ಬಿಸಿ ಕಳಿಸುತ್ತಿರಲಿಲ್ಲ, ಅವನಿಗೆ ನಿದ್ದೆ ಬಂದಿರಬೇಕೆಂದು ಕಾಫಿ ಕೊಡುತ್ತಿದ್ದರು. ಬಳೆ ಮಾರುತ್ತಿದ್ದು ಆಮೇಲೆ ಯೋಗಿಯಾದ ಕೈವಾರದ ನಾರೇಯಣ ತಾತಯ್ಯನವರ ಪದಗಳು ಚಿಂತಾಮಣಿ, ಕೋಲಾರದ ಕಡೆ ತೆಲುಗಿನಲ್ಲೂ ಕನ್ನಡದಲ್ಲೂ ಓಡಾಡುವುದು ಇಂಥ ಕೂಟಗಳಿಂದಲೇ. ಕೈವಾರದ ಮಠದಲ್ಲಿ ಗುರುಪೂರ್ಣಿಮೆಯ ಹೊತ್ತಿಗೆ ಹಗಲು ರಾತ್ರಿ ಎನ್ನದೆ ಸಂಗೀತ ನಡೆಯುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ವಾಟ್ಸ್ಯಾಪ್ ನೆಂಟರ ಸಾಲಿಗೇ ಸೇರಿದ ಹಾಗಾಗುತ್ತದೆ. ನಮ್ಮ ಹಾಡಿನ ಕೂಟಗಳಿಗೆ ಬೇಲಿಯಿತ್ತು. ಹೆಣದ ಮುಂದೆ ತಮಟೆ ಬಡಿಯುವವನು ಭಜನೆ ಮನೆಯ ಒಳಗೆ ಕೂರುವಂತಿರಲಿಲ್ಲ. ತುಮಕೂರು ಜಿಲ್ಲೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ, ರಾತ್ರಿಗಟ್ಟಲೆ ಹಾಡುವಷ್ಟು ದೊಡ್ಡ ಕಾವ್ಯಗಳು ಹೆಂಗಸರ ಬಾಯಲ್ಲಿ ಉಳಿದುಬಂದಿರುವ ಅದೇ ಸಮುದಾಯದಲ್ಲಿ, ಬಾಣಂತಿಯನ್ನು ಕೂಸಿನ ಸಮೇತ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಈಚಿನ ವರ್ಷಗಳಲ್ಲೂ ಸುದ್ದಿಯಾಗಿದೆ. ಬ್ರಿಟನ್ನಿನ ಸಂಶೋಧಕರು ಯಾರನ್ನು ಹುಡುಕಿ ಕರೆದು ಹಾಡಿನ ಸುತ್ತಿಗೆ ಕೂರಿಸಿದರೋ, ಅವಳನ್ನೇ ನಾವು ಸೋಬಾನೆಯಿಂದ ಹೊರಗಿಟ್ಟೆವು. ಲೀಡ್ಸಿನ ನಮ್ಮ ಗುಂಪಿನಲ್ಲಿ ಪಕ್ಕದ ಕುರ್ಚಿಯವರ ಹೆಸರಿನ ಮುಂದೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಬಸ್ ಡ್ರೈವರ್, ನಿವೃತ್ತ ಜಡ್ಜ್, ಸಿರಿಯಾದಿಂದ ಬಂದ ತಾಯಿ ಒಂದೇ ಸಾಲನ್ನು ಒಟ್ಟಿಗೆ ಎಳೆಯುತ್ತಾರೆ.

ಈ ಬೇಲಿಯನ್ನು ಹಾಡಿನಿಂದಲೇ ಮುರಿಯಲು ಹೊರಟವರು ಕೋಲಾರದವರು. ದಲಿತ ಚಳವಳಿಯ ಹಾಡುಗಳು ಆ ಜಿಲ್ಲೆಯಲ್ಲಿ ತಮಟೆಯ ಪೆಟ್ಟಿನ ಮೇಲೆಯೇ ಬೆಳೆದವು. ಲೇಖಕ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿಗಳಂದು ಹಾಡಿಗಾಗಿ ಜನ ಸೇರುತ್ತ ಬಂದರು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಗುಂಪಿನಲ್ಲಿ ಹಾಡುವುದು ಮನಸ್ಸಿಗೆ ಒಳ್ಳೆಯದು ಎಂದು ಇಂಗ್ಲಿಷರು ಹೇಳುವಾಗ ಅವರ ಕಣ್ಣ ಮುಂದೆ ಇರುವುದು ನೆಮ್ಮದಿ. ಸಿಟ್ಟನ್ನು ಬಾಯ್ತುಂಬ ಹಾಡುವುದರಿಂದಲೂ ಮನುಷ್ಯನ ಬೆನ್ನು ನೆಟ್ಟಗಾಗುತ್ತದೆ ಎಂಬುದನ್ನು ಅವರು ಕೋಲಾರದಿಂದ ಕಲಿಯಬಹುದು.

ದುಃಖದ ವಿಷಯದಲ್ಲೂ ಅವರದು ಸ್ವಲ್ಪ ಬಿಗಿ. ನಮ್ಮ ಗುಂಪಿನ ಮಹಿಳೆಯೊಬ್ಬರು ತೀರಿಕೊಂಡ ವಾರ, ಅವರಿಗೆ ಇಷ್ಟವಾಗಿದ್ದ ಹಾಡನ್ನು ಮೂರು ಸ್ಥಾಯಿಗಳಲ್ಲಿ ಚೆನ್ನಾಗಿ ಹಾಡಿ ಮುಗಿಸಿದೆವು. ಅಳು ತಡೆಯಲಾಗದವರು "ಕ್ಷಮಿಸಿ" ಎಂದು ಬಾಗಿಲು ತೆರೆದುಕೊಂಡು ಹೊರಗೆ ಹೋದರು, ಮುಖ ತೊಳೆದುಕೊಂಡು ಕೇಕ್ ಹಂಚುವ ಹೊತ್ತಿಗೆ ಬಂದರು. ನನ್ನ ಸೋದರತ್ತೆ ಅಲ್ಲಿದ್ದಿದ್ದರೆ, ಸತ್ತವಳಿಗೆ ಇವರು ಏನೂ ಆಗಬೇಕಾಗಿರಲಿಲ್ಲವೇನೋ ಎಂದುಕೊಳ್ಳುತ್ತಿದ್ದಳು. ಒಂಟಿತನಕ್ಕೆ ಅವರ ಮದ್ದು ಒಳ್ಳೆಯದು. ಸಾವಿಗೆ ಮಾತ್ರ ನಮ್ಮದೇ ಮೇಲು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಅಥವಾ ಮೇಲಾಗಿತ್ತು ಎನ್ನಬೇಕೇನೋ. ಈಗ ಊರಿಗೆ ಹೋದಾಗ ಕಾಣುವ ಸಾವಿನ ಮನೆಯಲ್ಲಿ ಹೆಣ ಫ್ರೀಜರ್ ಪೆಟ್ಟಿಗೆಯಲ್ಲಿರುತ್ತದೆ, ಬಾಡಿಗೆಗೆ ಗೊತ್ತುಮಾಡಿದ ಭಜನೆ ತಂಡ ಮೈಕಿನಲ್ಲಿ ಹಾಡುತ್ತದೆ, ಮನೆಯವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಫೋನ್ ನೋಡುತ್ತಾರೆ. ತಂಡದವರು ಚೆನ್ನಾಗಿಯೇ ಹಾಡುತ್ತಾರೆ, ತೊಂದರೆ ಇರುವುದೇ ಅಲ್ಲಿ: ಸ್ಪೀಕರಿನ ಸದ್ದಿನ ಮುಂದೆ ಹೆಂಗಸರು ಹಾಡಿಕೊಂಡು ಅತ್ತರೆ ಅವರಿಗೇ ಕೇಳಿಸುವುದಿಲ್ಲ. ಓದಿದ ಹುಡುಗಿಯರಿಗೆ ಹಾಗೆ ಅಳುವುದೇ ನಾಚಿಕೆಯ ವಿಷಯವಾಗಿದೆ. ಮದುವೆಗಳಲ್ಲಿ ಸೋಬಾನೆಯ ಜಾಗಕ್ಕೆ ಆರ್ಕೆಸ್ಟ್ರಾ ಬಂದಿದೆ. ಟಿವಿಯ ಗಾಯನ ಸ್ಪರ್ಧೆಗಳು ಬಂದ ಮೇಲೆ ಹತ್ತು ವರ್ಷದ ಮಗುವಿಗೂ ತಾನು ಹಾಡಿದರೆ ಯಾರೋ ಅಂಕ ಕೊಡುತ್ತಾರೆ ಎಂಬ ಎಣಿಕೆ. ಹೊರನಾಡಿನ ನಾವೂ ಕಡಿಮೆಯೇನಿಲ್ಲ. ರಾಜ್ಯೋತ್ಸವದಂದು ಕರೋಕೆ ಟ್ರ್ಯಾಕ್ ಹಾಕಿಕೊಂಡು ಆರು ಜನ ಹಾಡುತ್ತಾರೆ, ಉಳಿದವರು ಊಟದ ಸಾಲು ಯಾವಾಗ ಶುರುವಾಗುತ್ತದೆಂದು ನೋಡುತ್ತಾರೆ. ಗುಂಪಿನಲ್ಲಿ ಹಾಡಿದ್ದರಿಂದ ಮೈಮನಸ್ಸಿಗೆ ಆಗುವ ಉಪಕಾರವೇನಿದ್ದರೂ ಅದು ಬಾಯಿ ತೆರೆದವರಿಗೆ ಆಗುತ್ತದೆಯೇ ಹೊರತು ಕೂತು ಕೇಳಿದವರಿಗೆ ಅಷ್ಟಾಗಿ ಅಲ್ಲ ಎಂಬುದು ನನ್ನ ಅನುಭವ.

ಹಾಗೆಂದು ಇದರಿಂದ ಎಲ್ಲವೂ ವಾಸಿಯಾಗುತ್ತದೆ ಎಂದು ನಂಬಿಸುವವರನ್ನು ದೂರವಿಡಬೇಕು. ಕೋವಿಡ್ ಬಂದುಹೋದ ಮೇಲೂ ಏದುಸಿರು ಬಿಡುತ್ತಿದ್ದವರಿಗಾಗಿ ಇಂಗ್ಲಿಷ್ ನ್ಯಾಷನಲ್ ಒಪೆರಾ 2020ರಲ್ಲಿ ಲಂಡನ್ನಿನ ವೈದ್ಯರ ಜೊತೆ ಸೇರಿ ಜೋಗುಳಗಳನ್ನೇ ಬಳಸಿ ಉಸಿರಿನ ಅಭ್ಯಾಸ ಮಾಡಿಸಿತು. ಅದರ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂದಾಗ ಮನಸ್ಸಿನ ಸ್ಥಿತಿ ಸುಧಾರಿಸಿದ್ದು ಕಂಡಿತು, ಉಸಿರಾಟದ ತೊಂದರೆ ಕೆಲಮಟ್ಟಿಗೆ ಮಾತ್ರ ಕಡಿಮೆಯಾಗಿತ್ತು. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ತಂದುಕೊಂಡ ಕಾರ್ಮಿಕನ ಶ್ವಾಸಕೋಶ ಯಾವ ಹಾಡಿನಿಂದಲೂ ಮೊದಲಿನಂತಾಗುವುದಿಲ್ಲ; ಇರುವಷ್ಟು ಉಸಿರನ್ನು ಗಾಬರಿಯಿಲ್ಲದೆ ಬಳಸುವುದನ್ನು ಅವನು ಕಲಿಯಬಹುದು, ಅಷ್ಟೇ.

ನಮ್ಮ ಜಿಲ್ಲೆಗಳಲ್ಲಿ ಇದನ್ನು ಮತ್ತೆ ಶುರುಮಾಡಲು ಹೊಸದೇನೂ ಕಟ್ಟಬೇಕಾಗಿಲ್ಲ. ಭಜನೆ ಮನೆಗಳು ಶನಿವಾರ ಬಿಟ್ಟರೆ ಬೀಗ ಹಾಕಿಕೊಂಡಿರುತ್ತವೆ. ಆದರೆ ಅಲ್ಲಿ ಎಲ್ಲರೂ ಒಳಗೆ ಬರಲಾರರಾದ್ದರಿಂದ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವೇ ವಾಸಿ. ಯಾವ ಮನೆಯಲ್ಲಿ ಬಾಣಂತಿ ಮಂಕಾಗಿದ್ದಾಳೆ, ಯಾವ ಮನೆಯಲ್ಲಿ ಗಂಡ ಸತ್ತ ಮೇಲೆ ಅಜ್ಜಿ ಹೊರಗೆ ಬಂದಿಲ್ಲ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಗೌರವಧನಕ್ಕಾಗಿ ಪದೇ ಪದೇ ಬೀದಿಗಿಳಿಯಬೇಕಾದ ಆಕೆಯ ಮೇಲೆ ಇದನ್ನೂ ಬಿಟ್ಟಿಯಾಗಿ ಹೇರಬಾರದು. ಹಾಡಿಸಲು ಬೇಕಾದವರು ಸೋಬಾನೆ ಹೇಳುವ ಹೆಂಗಸರು. ಅವರು ಇಡೀ ಊರಿಗೆ ಸೊಲ್ಲು ಹಿಡಿಸಬಲ್ಲರು. ಲೀಡ್ಸಿನಲ್ಲಿ ಹಾಡಿಸುವವರಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ ಸಂದಾಯವಾಗುತ್ತದೆ, ನಮ್ಮಲ್ಲಿ ಎಲೆ ಅಡಿಕೆ ಮತ್ತು ಒಂದು ರವಿಕೆ ಕಣ. ಆರ್ಕೆಸ್ಟ್ರಾಕ್ಕೂ ಸ್ಪೀಕರಿಗೂ ಸಾವಿರಗಟ್ಟಲೆ ಬಾಡಿಗೆ ತೆರುವ ಊರುಗಳು ಇಂಥ ಒಬ್ಬಾಕೆಗೆ ವಾರಕ್ಕೆ ಒಂದು ಸಂಜೆಯ ಕೂಲಿಯನ್ನು ಪಂಚಾಯಿತಿಯ ಖರ್ಚಿನಲ್ಲಿ ಕೊಟ್ಟು, ಮೈಕನ್ನು ಆ ಕೋಣೆಗೆ ತರದಿದ್ದರೆ ಆರಂಭಕ್ಕೆ ಅಷ್ಟು ಸಾಕು.