ನಮ್ಮ ಕಾರು ಮೂತಿ ಎತ್ತಿದ್ದು

ನನಗೂ ನನ್ನ ಹೆಂಡತಿಗೂ ಸರಿಯಿಲ್ಲ ಅಂತ ನಮ್ಮ ರಸ್ತೆಯಲ್ಲಿ ಸುಮಾರು ಆರು ತಿಂಗಳು ಸುದ್ದಿಯಿತ್ತು. ಸುದ್ದಿ ಹಬ್ಬಿಸಿದವರದ್ದು ತಪ್ಪೇನಿಲ್ಲ. ಅವರು ದಿನಾ ನೋಡುತ್ತಿದ್ದದ್ದು ಇಷ್ಟು. ಗಂಡ ಹೆಂಡತಿ ಕಾರಿನಲ್ಲಿ ಹೊರಡುತ್ತಾರೆ. ಮೂಲೆಯ ಹಂಪ್ ಹತ್ತಿರ ಕಾರು ನಿಲ್ಲುತ್ತದೆ. ಹೆಂಡತಿ ಇಳಿದು, ಬಾಗಿಲು ಹಾಕಿ, ಮುಂದೆ ನಡೆಯುತ್ತಾಳೆ. ಗಂಡ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಕೂಗುತ್ತಾನೆ. ಅವಳು ತಿರುಗಿ ನಿಂತು ಕೈ ಬೀಸಿ ಏನೋ ಕಿರುಚುತ್ತಾಳೆ. ಅವನು ಆಮೆಯ ಹಾಗೆ ಕಾರು ತರುತ್ತಾನೆ. ಹತ್ತು ಹೆಜ್ಜೆ ಆದ ಮೇಲೆ ಅವಳು ಹತ್ತಿ ಕೂರುತ್ತಾಳೆ. ಮುಂದಿನ ಹಂಪ್ ಬಂದರೆ ಮತ್ತೆ ಇಳಿಯುತ್ತಾಳೆ.

ಅಲ್ಲಿ ನಡೆಯುತ್ತಿದ್ದ ಮಾತೇ ಬೇರೆ. ನಾನು ಕೂಗುತ್ತಿದ್ದದ್ದು, "ಎಷ್ಟು ಬೆರಳಿದೆ ನೋಡು!" ಅವಳು ಹೇಳುತ್ತಿದ್ದದ್ದು, "ಎರಡು ಬೆರಳು ರೀ. ಬರ್ಲಿ, ಬರ್ಲಿ, ಎಡಕ್ಕೆ... ಅಯ್ಯೋ ನಿಲ್ಸಿ!"

ಬಂಪರ್‌ಗೂ ಹಂಪ್‌ಗೂ ನಡುವೆ ಎಷ್ಟು ಬೆರಳು ಜಾಗ ಉಳಿದಿದೆ ಅನ್ನುವ ಲೆಕ್ಕ ಅದು. ಮದುವೆಯಾಗಿ ಹದಿನೈದು ವರ್ಷಕ್ಕೆ ನಮ್ಮ ಸಂಸಾರ ಬೆರಳೆಣಿಕೆಗೆ ಬಂದು ನಿಂತಿತ್ತು.

ತಪ್ಪು ನನ್ನದೇ. ನಲವತ್ತೈದು ದಾಟಿದಾಗ ಬೇರೆಯವರು ಮಂಡಿಗೆ ಹಚ್ಚಲು ಎಣ್ಣೆ ತರುತ್ತಾರೆ. ನಾನು ಹಳೆಯ ಪೋರ್ಶೆ ಬಾಕ್ಸ್‌ಸ್ಟರ್ ತಂದೆ. 1996ರಲ್ಲಿ ಈ ಕಾರು ಮೊದಲು ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ಅದರ ಪಟವನ್ನು ಪತ್ರಿಕೆಯಿಂದ ಕತ್ತರಿಸಿ ಫಿಸಿಕ್ಸ್ ನೋಟ್‌ಬುಕ್ಕಿಗೆ ಅಂಟಿಸಿದ್ದೆ. ಅಷ್ಟು ವರ್ಷ ಕಾದದ್ದಕ್ಕೆ ಎರಡನೇ ತಲೆಮಾರಿನ ಕಾರೊಂದು, ಮೂರನೇ ಮಾಲೀಕನಾಗಿ ನನ್ನ ಪಾಲಿಗೆ ಬಂತು. ಎರಡೇ ಸೀಟು. ಎಂಜಿನ್ ಸೀಟಿನ ಬೆನ್ನ ಹಿಂದೆ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಅಡಗಿರುತ್ತದೆ. ಮುಂದೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ಅಪ್ಪ ಮೊದಲ ದಿನ ಎರಡನ್ನೂ ತೆಗೆಸಿ, ಒಳಗೆ ಬಗ್ಗಿ ನೋಡಿ, "ಎಂಜಿನ್ ಹಾಕೋದು ಮರೆತಿದ್ದಾರೆ ಕಣೋ, ಕೇಳು ಅವರನ್ನ" ಅಂದರು.

ಎಂಜಿನ್ ಇತ್ತು. ಇಲ್ಲದ್ದು ಎತ್ತರ. ಹಿಂದಿನ ಮಾಲೀಕರು ಶೋಕಿಗೆ ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಇನ್ನಷ್ಟು ಇಳಿಸಿದ್ದರು. ಟೇಪು ಹಿಡಿದು ನೋಡಿದೆ. ಮುಂದಿನ ತುಟಿ ನೆಲದಿಂದ 9.5 ಸೆಂಟಿಮೀಟರ್. ನಮ್ಮ ಮನೆಯ ಕಾಫಿ ಲೋಟ ಅದರ ಕೆಳಗೆ ಹೋಗಬೇಕಾದರೆ ಮಲಗಿಕೊಂಡೇ ಹೋಗಬೇಕು.

ಹಂಪ್ ಹೇಗಿರಬೇಕು ಅಂತ ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆಯವರು ಬರೆದಿಟ್ಟಿದ್ದಾರೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಬಾಗು 17 ಮೀಟರ್ ತ್ರಿಜ್ಯದ್ದು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಕೂತವರಿಗೆ ತೊಂದರೆಯಾಗದೆ ದಾಟಬಹುದು. ಲೆಕ್ಕ ಓದಿ ನನಗೆ ಕಣ್ಣು ತುಂಬಿ ಬಂತು. ಅಷ್ಟು ಅಗಲದ ಉಬ್ಬಾದರೆ ನನ್ನ ಕಾರೂ ತೆರೆಯ ಮೇಲೆ ದೋಣಿ ಹೋದ ಹಾಗೆ ಹೋಗುತ್ತದೆ. ಆದರೆ ನಮ್ಮ ರಸ್ತೆಯ ಹಂಪ್ ಆ ಪುಸ್ತಕ ಓದಿಲ್ಲ. ಯಾವುದೋ ರಾತ್ರಿ, ಎಲ್ಲೋ ಮಿಕ್ಕಿದ ಡಾಂಬರಿನಲ್ಲಿ ಹುಟ್ಟಿದ್ದು ಅದು. ಅಗಲ ಎರಡಡಿ, ಎತ್ತರ ದೇವರಿಗೇ ಗೊತ್ತು. ಎಮ್ಮೆಯೊಂದು ಅಡ್ಡ ಮಲಗಿರುವಾಗ ನೋಡದೆ ಮೇಲೆ ಡಾಂಬರು ಸುರಿದ ಹಾಗಿದೆ.

ತಾಗಿದಾಗ ಬರುವ ಸದ್ದನ್ನು ಹೇಗೆ ಹೇಳಲಿ? ಕಾಯಿ ತುರಿಯುವಾಗ ಈಳಿಗೆಯ ಹಲ್ಲು ಕರಟಕ್ಕೆ ಸಿಕ್ಕಿದರೆ ಬರುತ್ತದಲ್ಲ, ಆ ಸದ್ದು. ಅದು ಪಾದದ ಕೆಳಗಿನಿಂದ ಬರುತ್ತದೆ, ಬರುವಾಗ ಬಿಲ್ಲನ್ನೂ ಜೊತೆಗೆ ತರುತ್ತದೆ. ಈ ಕಾರಿನ ರೇಡಿಯೇಟರ್‌ಗಳು ಮುಂದಿನ ಬಂಪರ್‌ನ ಎರಡು ಮೂಲೆಯಲ್ಲೇ ಇವೆ ಅಂತ ಗೊತ್ತಾದ ಮೇಲೆ ಸದ್ದು ಇನ್ನೂ ಜೋರಾಗಿ ಕೇಳತೊಡಗಿತು.

ಮೊದಮೊದಲು ಓರೆಯಾಗಿ ದಾಟುತ್ತಿದ್ದೆ. ಒಂದು ಚಕ್ರ ಹತ್ತಿದ ಮೇಲೆ ಇನ್ನೊಂದು ಹತ್ತಿದರೆ ಮೂತಿ ಉಳಿಯುತ್ತದೆ. ಉಪಾಯ ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಕಾರು ಸ್ವಲ್ಪ ಓರೆಯಾಯಿತೋ, ಆ ಜಾಗಕ್ಕೆ ಮೂರು ಬೈಕು, ಒಂದು ಸೊಪ್ಪಿನ ಗಾಡಿ ಬಂದು ನಿಂತಿರುತ್ತವೆ. ಆಮೇಲೆ ಪ್ಲೈವುಡ್ ಹಲಗೆ ಬಂತು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಿಂದ ಮೇಲೆ ಬರುವ ಇಳಿಜಾರಿನ ಬುಡಕ್ಕೆ ಎರಡು ಹಲಗೆ ಹಾಕಿ, ಕಾರು ಹತ್ತಿಸಿ, ಹಲಗೆ ಎತ್ತಿ ಗೋಡೆಗೆ ಒರಗಿಸುವುದು. ಈ ಕೆಲಸ ಅಪ್ಪನದು. ರಿಟೈರಾದ ಮೇಲೆ ಬೆಳಿಗ್ಗೆ ಎದ್ದು ಮಾಡಲು ಒಂದು ಕೆಲಸ ಸಿಕ್ಕಿತು ಅಂತ ಅವರಿಗೆ ಒಳಗೊಳಗೇ ಖುಷಿಯಿತ್ತು ಅನ್ನಿಸುತ್ತದೆ. ಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ 'ಎಡ', 'ಬಲ' ಅಂತ ಬರೆದಿದ್ದರು.

ಹೀಗಿರುವಾಗ ನನಗೆ ಮೂತಿ ಎತ್ತುವ ಕಿಟ್ ಬಗ್ಗೆ ಗೊತ್ತಾಯಿತು.

ವಿಷಯ ಸರಳ. ಮುಂದಿನ ಎರಡೂ ಸ್ಪ್ರಿಂಗ್ ಜೊತೆ, ಸ್ಪ್ರಿಂಗ್ ಕೂರುವ ಜಾಗದಲ್ಲಿ, ಒಂದೊಂದು ಗಟ್ಟಿ ಲೋಹದ ಕಪ್ ಕೂರಿಸುತ್ತಾರೆ. ಮುಂದಿನ ಡಿಕ್ಕಿಯಲ್ಲಿ ಒಂದು ಪುಟ್ಟ ಪಂಪು, ಎಣ್ಣೆಯ ಡಬ್ಬಿ. ಅಲ್ಲಿಂದ ಎರಡೂ ಕಪ್ಪಿಗೆ ಪೈಪು. ಸ್ವಿಚ್ ಒತ್ತಿದರೆ ಪಂಪು ಎಣ್ಣೆಯನ್ನು ಕಪ್ಪಿಗೆ ನೂಕುತ್ತದೆ, ಕಪ್ಪು ಹಿಗ್ಗುತ್ತದೆ, ಕಾರಿನ ಮೂತಿ ಮೇಲೇಳುತ್ತದೆ. ಮತ್ತೆ ಒತ್ತಿದರೆ ವಾಲ್ವ್ ತೆರೆದು ಎಣ್ಣೆ ಡಬ್ಬಿಗೆ ವಾಪಸ್. ಇಳಿಸಲು ಬೇರೆ ಶಕ್ತಿ ಬೇಡ, ಕಾರಿನ ಭಾರವೇ ಸಾಕು. ನಾನು ತರಿಸಿದ್ದು 4.5 ಸೆಂಟಿಮೀಟರ್ ಎತ್ತುವಂಥದ್ದು. ಎಣ್ಣೆಯ ಬದಲು ಗಾಳಿಯಲ್ಲಿ ನಡೆಯುವ ಕಿಟ್‌ಗಳೂ ಇವೆ. ಬೆಲೆ ಇಲ್ಲಿ ಬರೆಯುವುದಿಲ್ಲ. ಹೆಂಡತಿ ಇದನ್ನು ಓದುತ್ತಾಳೆ.

ಅವಳನ್ನು ಒಪ್ಪಿಸಲು ಇತಿಹಾಸದ ಮೊರೆ ಹೋದೆ. "ನೋಡು, ಇದೇನು ಹೊಸ ಹುಚ್ಚಲ್ಲ. 1955ರಲ್ಲೇ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ಎಣ್ಣೆ-ಗಾಳಿಯ ಸಸ್ಪೆನ್ಷನ್ ಇತ್ತು. ಒಂದು ಲಿವರ್ ತಳ್ಳಿದರೆ ಇಡೀ ಕಾರೇ ಎದ್ದು ನಿಲ್ಲುತ್ತಿತ್ತು."

"ಹಾಗಾದ್ರೆ ಅದನ್ನೇ ತರಬಹುದಿತ್ತು" ಅಂದಳು.

ಪೋರ್ಶೆಯವರ ಹೊಸ 911ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ ಅಂತಲೂ ಹೇಳಿದೆ. ಒಂದು ಸಲ ಎತ್ತಿದ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು, ಮುಂದಿನ ಸಲ ಅಲ್ಲಿಗೆ ಬಂದಾಗ ಕಾರು ತಾನೇ ಮೂತಿ ಎತ್ತುತ್ತದಂತೆ. ಜರ್ಮನಿಯಲ್ಲಿ ಸರಿ. ಇಲ್ಲಿ ನಿನ್ನೆ ಇಲ್ಲದ ಹಂಪ್ ಇವತ್ತು ಇರುತ್ತದೆ. ಮೊನ್ನೆಯದು ನಾಳೆ ಪೈಪ್‌ಲೈನ್ ಗುಂಡಿಯಾಗಿರುತ್ತದೆ. ಆ ಕಾರಿಗೆ ಇಲ್ಲಿ ಒಂದೇ ವಾರದಲ್ಲಿ ಮರೆವಿನ ಕಾಯಿಲೆ ಬರಬಹುದು.

ಅಪ್ಪನ ಆಕ್ಷೇಪ ಬೇರೆ ಥರದ್ದು. ಸರ್ಕಾರಿ ನೌಕರಿ ಮಾಡಿದವರು. "ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದಿದ್ದೀಯೇನೋ? ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಮಾರ್ಪಡಿಸಬಾರದು."

"ಆರ್‌ಸಿಯಲ್ಲಿ ಮೂತಿ ಎಷ್ಟು ಎತ್ತರ ಅಂತ ಬರೆದಿಲ್ಲಪ್ಪ."

ಅಪ್ಪ ಆರ್‌ಸಿ ಇಸಿದುಕೊಂಡು, ಕನ್ನಡಕ ಹಾಕಿ, ಎರಡೂ ಕಡೆ ಓದಿ ವಾಪಸ್ ಕೊಟ್ಟರು. ಸಮಾಧಾನವಾದ ಹಾಗೆ ಕಾಣಲಿಲ್ಲ. ನನಗೂ ಆಗಿರಲಿಲ್ಲ ಅನ್ನಿ.

ಎರಡು ದಿನದ ಕೆಲಸ ಅಂದಿದ್ದ ಮೆಕ್ಯಾನಿಕ್ ಹನ್ನೊಂದನೇ ದಿನ ಕಾರು ಕೊಟ್ಟ. ಮುಂದಿನ ಡಿಕ್ಕಿಯಲ್ಲಿ ಪಂಪು ಕೂತದ್ದರಿಂದ ಅಮ್ಮನ ತರಕಾರಿ ಚೀಲಕ್ಕೆ ಜಾಗ ಹೋಯಿತು. ಇರಲಿ. ಬೇಸ್‌ಮೆಂಟಿನ ಬುಡಕ್ಕೆ ಬಂದು ಸ್ವಿಚ್ ಒತ್ತಿದೆ. ಜುಂಯ್ ಅಂತ ಸದ್ದು. ಐದು ಸೆಕೆಂಡ್. ಎದುರಿನ ಗೋಡೆಯ ಮೇಲೆ ಬಿದ್ದಿದ್ದ ಹೆಡ್‌ಲೈಟ್ ಬೆಳಕು ಮೆಲ್ಲಗೆ ಮೇಲೇರಿತು. ಅಪ್ಪ ಎರಡು ಕೈಯಲ್ಲಿ ಎರಡು ಹಲಗೆ ಹಿಡಿದು ನಿಂತಿದ್ದರು. ಕಾರು ಅವರ ಮುಂದೆಯೇ, ಎಲ್ಲೂ ತಾಗದೆ ಮೇಲೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಅಪ್ಪ ಹಲಗೆ ಹಿಡಿದುಕೊಂಡೇ ನಿಂತಿದ್ದರು.

ಮೂಲೆಯ ಹಂಪ್‌ನಲ್ಲೂ ಹಾಗೇ. ಹೆಂಡತಿ ಅಭ್ಯಾಸಬಲದಿಂದ ಬೆಲ್ಟ್ ಬಿಚ್ಚಿದಳು. "ಬೇಡ, ಕೂತ್ಕೋ" ಅಂದೆ. ಮೂತಿ ಎದ್ದಿತು, ದಾಟಿತು. ಅವಳು ಬೆಲ್ಟ್ ಹಾಕಿಕೊಳ್ಳುತ್ತಾ, "ಇನ್ಮೇಲೆ ನಾನು ಬೇಡ ಅನ್ನಿ" ಅಂದಳು. ಎದುರು ಮನೆಯ ಆಂಟಿ ಮಾತ್ರ ಗೇಟಿನಲ್ಲೇ ನಿಂತು ನಮ್ಮನ್ನು ನೋಡಿ ಒಳ್ಳೆಯ ನಗು ನಕ್ಕರು. ರಾಜಿಯಾಯಿತು ಅಂದುಕೊಂಡಿರಬೇಕು.

ಮೂರನೇ ದಿನ ಹೊಟ್ಟೆ ತಾಗಿತು. ಲೆಕ್ಕದಲ್ಲಿ ನಾನು ಮರೆತದ್ದು ಏನೆಂದರೆ, ಇದು ತೂಗುಹಲಗೆ ಆಟ. ಚಕ್ರದ ಹತ್ತಿರ 4.5 ಸೆಂಟಿಮೀಟರ್ ಎತ್ತಿದರೆ, ಚಕ್ರದ ಮುಂದೆ ಚಾಚಿರುವ ತುಟಿ ಇನ್ನೂ ಸ್ವಲ್ಪ ಜಾಸ್ತಿ ಏಳುತ್ತದೆ, ಸುಮಾರು 6. ಅದು ಲಾಭ. ಆದರೆ ಎರಡು ಚಕ್ರಗಳ ನಡುವಿನ ಹೊಟ್ಟೆಗೆ ಸಿಗುವುದು ಅರ್ಧ ಮಾತ್ರ. ಹಿಂದಿನ ಚಕ್ರದಾಚೆ ಇರುವ ಸೈಲೆನ್ಸರ್ ಅಂತೂ ಇದ್ದದ್ದಕ್ಕಿಂತ ಸ್ವಲ್ಪ ಕೆಳಗೇ ಇಳಿಯುತ್ತದೆ. ಎಮ್ಮೆಯ ಬೆನ್ನಿನಂಥ ಹಂಪ್ ಮೂತಿಯನ್ನು ಬಿಟ್ಟುಕೊಟ್ಟು ಹೊಟ್ಟೆಗೆ ಕಾದು ಕೂತಿತ್ತು.

ಇನ್ನೊಂದು ಷರತ್ತು, ಎತ್ತಿಕೊಂಡು ಜೋರಾಗಿ ಓಡಿಸಬಾರದು. ಎತ್ತಿದಾಗ ಮುಂದಿನ ಶಾಕ್ ಅಬ್ಸಾರ್ಬರ್ ಹೆಚ್ಚುಕಡಿಮೆ ಪೂರ್ತಿ ಚಾಚಿಕೊಂಡಿರುತ್ತದೆ, ಸಣ್ಣ ಕಲ್ಲಿಗೂ ಕಾರು ಟಣ್ ಅಂತ ಕುಪ್ಪಳಿಸುತ್ತದೆ. ದಾಟಿದ ಕೂಡಲೇ ಇಳಿಸಬೇಕು. ನಾನು ಒಂದು ದಿನ ಇಳಿಸುವುದು ಮರೆತು ಸಿಲ್ಕ್ ಬೋರ್ಡ್ ತನಕ ಹೋಗಿದ್ದೆ. ಏನೂ ಆಗಲಿಲ್ಲ. ವೇಗ ಬಂದರೆ ತಾನೇ.

ಆಯುಧಪೂಜೆಯ ಹಿಂದಿನ ಸಂಜೆ ಕಾರು ತೊಳೆದು ಅಪಾರ್ಟ್‌ಮೆಂಟ್ ಮುಂದೆ ನಿಲ್ಲಿಸಿದೆ. ಕಿಟ್ ಜೊತೆ ಒಂದು ರಿಮೋಟ್ ಬಂದಿತ್ತು. ಅದು ಮಗನ ಕೈಗೆ ಸಿಕ್ಕಿತು. ಅವನು ಗೆಳೆಯರನ್ನು ಸೇರಿಸಿ ಕಾರಿಗೆ ಬಸ್ಕಿ ಹೊಡೆಸಿದ. ಎಷ್ಟು ಬಸ್ಕಿ ಅಂತ ಕೇಳಿದರೆ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಎಂಜಿನ್ ಬಂದ್ ಇತ್ತು, ಪಂಪು ನಡೆದದ್ದೆಲ್ಲ ಬ್ಯಾಟರಿಯ ಮೇಲೆ.

ಮರುದಿನ ಬೆಳಿಗ್ಗೆ ಸಾಲಾಗಿ ನಿಂತ ಸ್ಕೂಟರು, ಕಾರು, ಪಕ್ಕದ ಮನೆಯವರ ಆಟೋ. ಎಲ್ಲಕ್ಕೂ ಚೆಂಡುಹೂವಿನ ಹಾರ, ಬಾಳೆಕಂದು. ಪುರೋಹಿತರು ನಮ್ಮ ಕಾರಿನ ಮುಂದೆ ಬಂದು, ಬಗ್ಗಲು ನೋಡಿ, ಸೊಂಟ ಹಿಡಿದುಕೊಂಡು, "ಯಜಮಾನ್ರೇ, ಇದೇನೋ ಏಳುತ್ತಂತಲ್ಲ, ಒಂಚೂರು ಎಬ್ಬಿಸಿ" ಅಂದರು. ಒತ್ತಿದೆ. ಸದ್ದು ಸ್ವಲ್ಪ ನರಳಿದ ಹಾಗಿತ್ತು, ಆದರೂ ಎದ್ದಿತು. ಅರಿಶಿನ ಕುಂಕುಮ ಆಯಿತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಆಯಿತು. ಬೂದುಗುಂಬಳದ ಮೇಲೆ ಕರ್ಪೂರ ಹಚ್ಚಿ ಕಾರಿನ ಮುಂದೆ ಇಟ್ಟರು. ಗಾಳಿಗೆ ಆರಿಹೋಗುತ್ತದೆ ಅಂತ ಅಪ್ಪ ಅದನ್ನು ಒಂದು ಗೇಣು ಒಳಕ್ಕೆ ಸರಿಸಿದರು. ಬೂದುಗುಂಬಳ ಚಿಕ್ಕದು, ಅಡ್ಡ ಮಲಗಿಸಿದ್ದು. ಕಾರಿನ ತುಟಿಯ ಕೆಳಗೆ ಸರಿಯಾಗಿ ಕೂತಿತು.

ಮಂಗಳಾರತಿ. ಗಂಟೆ. ಎಲ್ಲರೂ ಕೈ ಮುಗಿದಿದ್ದೇವೆ. ಆಗ ಕಾರು, ಯಾರೂ ಏನೂ ಒತ್ತದೆ, ಮೆಲ್ಲಗೆ ತಲೆ ಬಾಗಿಸತೊಡಗಿತು. ಅಷ್ಟು ಬಸ್ಕಿ ಹೊಡೆದದ್ದಕ್ಕೆ ಯಾವುದೋ ಸೀಲ್ ಸೋತಿತ್ತು, ಎಣ್ಣೆ ಸದ್ದಿಲ್ಲದೆ ಡಬ್ಬಿಗೆ ಹಿಂತಿರುಗುತ್ತಿತ್ತು.

"ಅಯ್ಯೋ ನೋಡ್ರೇ, ಕಾರು ನಮಸ್ಕಾರ ಮಾಡ್ತಿದೆ!" ಅಂದರು ಎದುರು ಮನೆ ಆಂಟಿ. ಇಬ್ಬರು ಫೋನು ತೆಗೆದರು. ಪುರೋಹಿತರ ಮುಖದಲ್ಲಿ ಸ್ವಂತ ಮಂತ್ರದ ಬಗ್ಗೆ ಹೊಸ ಗೌರವ ಕಾಣಿಸಿತು. ನನಗೆ ಕಂಡದ್ದು ಉರಿಯುವ ಕರ್ಪೂರ, ಅದರ ಮೇಲೆ ಇಳಿಯುತ್ತಿರುವ ಪ್ಲಾಸ್ಟಿಕ್ ಬಂಪರ್. "ಅಪ್ಪಾ!" ಅಂತ ಕಿರುಚಿದೆ. ಅಪ್ಪ ಒಂದು ಕ್ಷಣವೂ ಯೋಚಿಸದೆ ಕಲಶದ ನೀರನ್ನು ಪೂರ್ತಿ ಸುರಿದರು. ಕರ್ಪೂರ ಚುಂಯ್ ಅಂದಿತು. ಬಂಪರ್ ಬೂದುಗುಂಬಳದ ಮೇಲೆ ಗಲ್ಲ ಊರಿ ಕೂತಿತು.

ಸ್ವಿಚ್ ಒತ್ತಿದೆ. ಟಿಕ್. ಇನ್ನೊಮ್ಮೆ. ಟಿಕ್ ಟಿಕ್. ರಿಲೇ ಒಂದೇ ಬಡಿದುಕೊಳ್ಳುತ್ತಿತ್ತು. ಬ್ಯಾಟರಿ ಸತ್ತಿತ್ತು.

ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಆ ಡಿಕ್ಕಿಯ ಚಿಲಕ ತೆಗೆಯುವುದು ಕರೆಂಟಿನಿಂದ. ಕರೆಂಟು ಬರಬೇಕಾದದ್ದು ಬ್ಯಾಟರಿಯಿಂದ. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿಕೊಂಡ ಹಾಗೆ. ಪುಣ್ಯಕ್ಕೆ ಕಾರು ಮಾಡಿದವರಿಗೂ ಇದು ಹೊಳೆದಿದೆ. ಒಳಗೆ ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆಳೆಯುವ ಒಂದು ತುದಿಯಿದೆ. ಬೇರೆ ಬ್ಯಾಟರಿಯ ಪ್ಲಸ್ ಅದಕ್ಕೆ ಕೊಟ್ಟು, ಮೈನಸ್ಸನ್ನು ಬಾಗಿಲಿನ ಕಬ್ಬಿಣಕ್ಕೆ ಕಚ್ಚಿಸಿದರೆ ಚಿಲಕಕ್ಕೆ ಬೇಕಾದಷ್ಟು ಜೀವ ಬರುತ್ತದೆ.

ಹತ್ತಿರದಲ್ಲಿದ್ದದ್ದು ಪಕ್ಕದ ಮನೆಯ ಆಟೋ. ಹಾರ ಹಾಕಿದ್ದ, ಈಗಷ್ಟೇ ಪೂಜೆಯಾಗಿದ್ದ ಆಟೋವನ್ನು ತಳ್ಳಿಕೊಂಡು ಬಂದು ನಮ್ಮ ಬಾಗಿಲಿಗೆ ಒತ್ತಿ ನಿಲ್ಲಿಸಿದರು. ವೈರು ಹಿಡಿದುಕೊಂಡು ಕೂತ ಅಣ್ಣ ಒಂದೇ ಪ್ರಶ್ನೆ ಕೇಳಿದ. "ಸಾರ್, ಇಷ್ಟು ದುಡ್ಡಿನ ಗಾಡಿಗೆ ಒಂದು ಹ್ಯಾಂಡಲ್ ಇಟ್ಟಿಲ್ವಾ? ನಮ್ದು ಹಳೇ ಗಾಡಿಗೆ ಲಿವರ್ ಎಳೆದ್ರೆ ಎದ್ದು ನಿಲ್ತಿತ್ತು."

ಡಿಕ್ಕಿ ಟಪ್ ಅಂದಿತು. ವೈರನ್ನು ಕಾರಿನ ಬ್ಯಾಟರಿಗೆ ಹಾಕಿ ಕಾಲು ಗಂಟೆ ಕಾದು ಸ್ವಿಚ್ ಒತ್ತಿದೆ. ಮೂತಿ ಎರಡು ಬೆರಳು ಎದ್ದಿತು, ಯೋಚಿಸಿತು, ಮತ್ತೆ ಕೂತಿತು. ಈ ಸಲ ಸ್ವಲ್ಪ ಜೋರಾಗಿ. ಬೂದುಗುಂಬಳ ಪಚಕ್ ಅಂತ ಎರಡು ಹೋಳಾಯಿತು. ಪುರೋಹಿತರು ವಾಚು ನೋಡಿಕೊಂಡು, "ಒಡೆಯೋದೇ ತಾನೇ ಇತ್ತು, ಆಯ್ತಲ್ಲ. ದೃಷ್ಟಿ ಹೋಯ್ತು" ಅಂದು ಮುಂದಿನ ಸ್ಕೂಟರಿಗೆ ಹೋದರು.

ಅಪ್ಪ ಆಗಲೇ ಬೇಸ್‌ಮೆಂಟಿಗೆ ಇಳಿದಿದ್ದರು. ಬಂದಾಗ ಒಂದು ಕಂಕುಳಲ್ಲಿ 'ಎಡ', ಇನ್ನೊಂದರಲ್ಲಿ 'ಬಲ'. ಎಷ್ಟೋ ದಿನದ ಮೇಲೆ ಅವರ ಮುಖ ಅಷ್ಟು ಗೆಲುವಾಗಿ ಕಂಡದ್ದು.

ಸೀಲ್ ಬದಲಾಯಿಸಿ ಈಗ ನಾಲ್ಕು ತಿಂಗಳಾಯಿತು. ರಿಮೋಟು ದೇವರ ಗೂಡಿನಲ್ಲಿದೆ. ಕಿಟ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಸರಿಯಾಗಿ ಐದೇ ಸೆಕೆಂಡ್. ಆದರೆ ಮೂಲೆಯ ಹಂಪ್ ಹತ್ತಿರ ಬಂದಾಗ, ನಾನು ಸ್ವಿಚ್‌ಗೆ ಕೈ ಹಾಕುವ ಮೊದಲೇ, ಪಕ್ಕದಿಂದ ಕ್ಲಿಕ್ ಅಂತ ಬೆಲ್ಟ್ ಬಿಚ್ಚುವ ಸದ್ದು ಬರುತ್ತದೆ.