ನೋಟಾ ಗೆದ್ದರೆ ಮತ್ತೆ ಚುನಾವಣೆಯಾ?

ಚುನಾವಣೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ: ನೋಟಾಗೆ (ಮತಯಂತ್ರದಲ್ಲಿರುವ 'ಇವರಲ್ಲಿ ಯಾರೂ ಬೇಡ' ಎನ್ನುವ ಬಟನ್) ಎಲ್ಲರಿಗಿಂತ ಜಾಸ್ತಿ ವೋಟು ಬಿದ್ದರೆ ಚುನಾವಣೆ ರದ್ದು, ನಿಂತವರು ಮತ್ತೆ ನಿಲ್ಲುವಂತಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ ಅಂತ.

ಕೋರ್ಟ್ ಹಾಗೆ ಹೇಳಿಲ್ಲ. ಅದರ ಮುಂದಿದ್ದ ಪ್ರಶ್ನೆಯೇ ಬೇರೆ.

ಮೊದಲೆಲ್ಲ 'ಯಾರೂ ಬೇಡ' ಅನ್ನುವವರಿಗೆ ಇದ್ದದ್ದು 49-ಒ ನಿಯಮ. ಮತಗಟ್ಟೆ ಅಧಿಕಾರಿಯ ಎದುರು ಬಾಯಿಬಿಟ್ಟು ಹೇಳಬೇಕಿತ್ತು. ಅವರು ವೋಟು ಹಾಕಲು ಬಂದವರನ್ನು ದಾಖಲಿಸುವ 17ಎ ರಿಜಿಸ್ಟರಿನಲ್ಲಿ ನಿಮ್ಮ ನಮೂದಿನ ಮುಂದೆ ಷರಾ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಿದ್ದರು. ಪಕ್ಷದ ಏಜೆಂಟರು ಅಲ್ಲೇ ಕೂತಿರುತ್ತಾರೆ, ಅಲ್ವಾ? ಇನ್ನೆಲ್ಲಿಯ ಗುಟ್ಟು!

ಇದನ್ನು ಪ್ರಶ್ನಿಸಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2004ರಲ್ಲಿ ಕೋರ್ಟಿಗೆ ಹೋಯಿತು. 2013ರ ಸೆಪ್ಟೆಂಬರ್ 27ರಂದು ತೀರ್ಪು ಬಂತು: ಯಾರೂ ಬೇಡ ಅನ್ನುವವರ ಗುಟ್ಟೂ ಉಳಿಯಬೇಕು, ಅದಕ್ಕೆ ಮತಯಂತ್ರದಲ್ಲೇ ಒಂದು ಬಟನ್ ಇಡಿ. ಗೆಲುವಿನ ಲೆಕ್ಕ ಬದಲಾಗಲಿಲ್ಲ.

ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ನೋಟಾ ಮೊದಲ ಸ್ಥಾನಕ್ಕೆ ಬಂದರೂ, ಅಭ್ಯರ್ಥಿಗಳಲ್ಲಿ ಹೆಚ್ಚು ವೋಟು ಪಡೆದವರೇ ಗೆದ್ದಂತೆ. ಠೇವಣಿ ಉಳಿಯಲು ಬೇಕಾದ ಆರನೇ ಒಂದು ಭಾಗ ವೋಟಿನ ಲೆಕ್ಕಕ್ಕೂ ನೋಟಾ ಸೇರುವುದಿಲ್ಲ. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ವಾಪಸ್ ಪಡೆದಾಗ ನೋಟಾಗೆ 2.18 ಲಕ್ಷಕ್ಕೂ ಹೆಚ್ಚು ವೋಟು ಬಿದ್ದು ಅದು ಎರಡನೇ ಸ್ಥಾನದಲ್ಲಿತ್ತು. ಬಿಜೆಪಿ ಅಭ್ಯರ್ಥಿಯ ಗೆಲುವಿಗೇನೂ ತೊಂದರೆಯಾಗಲಿಲ್ಲ.

ಮೆಸೇಜ್ ಪೂರ್ತಿ ಗಾಳಿಮಾತೂ ಅಲ್ಲ. 2018ರಲ್ಲಿ ಮಹಾರಾಷ್ಟ್ರ ಮತ್ತು ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು ಇಂಥ ಮರುಚುನಾವಣೆಯ ನಿಯಮ ತಂದವು. ಆದರೆ ಅದು ಅಲ್ಲಿನ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮಾತ್ರ.